ಒಣಗಿದ ಶಾಯಿ



ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ದೂರವಾಣಿಯಲ್ಲಿ ಮಾತನಾಡುತ್ತ, “ಸರ್, ಒಮ್ಮೆ ಬಿಚ್ಚಿದ ಪ್ರಿಂಟರ್ ಕಾರ್ಟ್ರಿಜ್ಜನ್ನು ಒಣಗದ ಹಾಗೆ ಇಡುವುದು ನಿಮಗೆ ಗೊತ್ತಂತೆ, ಹೌದೇ?” ಎಂದು ಕೇಳಿದಳು. ಹಳಗನ್ನಡದ ವ್ಯಾಕರಣ ಕಲಿಸಿದ ಮಾಸ್ತರನಲ್ಲಿ ಕೇಳುವ ಪ್ರಶ್ನೆಯೇ ಇದು ಎಂದು ನಗು ಬಂತು. ಆದರೆ ಗೊತ್ತಿರುವುದು ನಿಜ. ಹೇಗೆ ಗೊತ್ತಾಯಿತು ಎಂಬುದನ್ನು ಫೋನಿನಲ್ಲಿ ಹೇಳುವ ಮನಸ್ಸಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಗೆ ಪ್ರಿಂಟರ್ ಬಂದದ್ದು 2014ರಲ್ಲಿ, ನಾನು ನಿವೃತ್ತನಾಗಿ ಮೂರು ವರ್ಷಗಳಾದ ಮೇಲೆ. ಬಜಗೋಳಿಯಂಥ ಪೇಟೆಯಲ್ಲಿ ನಿವೃತ್ತ ಅಧ್ಯಾಪಕನಿಗೆ ಅದರ ಅಗತ್ಯವೇನೆಂದು ಕೇಳಿದವರಿದ್ದಾರೆ. ಅಗತ್ಯ ಒಂದೇ, ಮಾಳದಲ್ಲಿರುವ ನನ್ನ ಅಕ್ಕ. ನನಗಿಂತ ಹದಿನಾಲ್ಕು ವರ್ಷ ಹಿರಿಯಳು. ಏಳನೆಯ ತರಗತಿಗೆ ಶಾಲೆ ಬಿಟ್ಟವಳಾದರೂ ಕೈಗೆ ಸಿಕ್ಕಿದ ಅಚ್ಚಿನ ಕಾಗದವನ್ನು, ಅದು ಜೀರಿಗೆ ಕಟ್ಟಿದ ಪೊಟ್ಟಣವಾದರೂ ಸರಿ, ಬಿಡಿಸಿ ಓದಿದಲ್ಲದೆ ಎಸೆಯದವಳು. ಕಂಪ್ಯೂಟರ್ ಪರದೆಯಲ್ಲಿ ಓದಲು ಅವಳು ಒಪ್ಪಲಿಲ್ಲ. ಆದ್ದರಿಂದ ಇಲ್ಲಿ ಹಾಕುವ ಪ್ರತಿಯೊಂದು ಬರಹವನ್ನೂ ಅಕ್ಷರಗಳನ್ನು ದೊಡ್ಡದು ಮಾಡಿ ಮುದ್ರಿಸಿ, ಮಾಳದ ಬಸ್ಸು ಹತ್ತಿ ಒಯ್ದು ಕೊಡುವುದು ನನ್ನ ಕ್ರಮವಾಗಿತ್ತು. ಐದು ಪುಟದ ಬರಹ ಅವಳಿಗಾಗಿ ಹದಿನಾಲ್ಕು ಪುಟವಾಗುತ್ತಿತ್ತು.

ಅವಳು ಓದಿ ಸುಮ್ಮನಿರುವವಳಲ್ಲ, ತಿದ್ದುವವಳು. “ಬಾವಿ ಮನೆಯ ಪಡುಬದಿಯಲ್ಲಿ ಇದ್ದದ್ದಲ್ಲ, ತೆಂಕು ಬದಿಯಲ್ಲಿ. ನೀನು ಹುಟ್ಟುವ ಮೊದಲೇ ಅದನ್ನು ಮುಚ್ಚಿದ್ದಾರೆ. ನೀನು ನೋಡಿದ್ದು ಎರಡನೆಯ ಬಾವಿ” ಎಂದು ಪೆನ್ಸಿಲಿನಲ್ಲಿ ಅಂಚಿಗೆ ಬರೆದು ಕೊಡುತ್ತಿದ್ದಳು. ನಮ್ಮ ಹಳೆಯ ಮನೆಯ ಬಗ್ಗೆ ನಾನು ಬರೆದುದನ್ನು ಮೆಚ್ಚಿದ ಸಂಬಂಧಿಕರೇ, ಅದರಲ್ಲಿ ಸರಿಯಾಗಿರುವುದೆಲ್ಲ ಅವಳ ಪೆನ್ಸಿಲಿನದು. ಆ ಮನೆಯನ್ನು ಕಂಡವರಲ್ಲಿ ಈಗ ಉಳಿದವರು ನಾವಿಬ್ಬರೇ, ಅದರಲ್ಲೂ ನಾನು ಕಂಡದ್ದು ಕೊನೆಯ ಭಾಗ ಮಾತ್ರ.

2023ರ ಮಾರ್ಚ್ ಆರಂಭದಲ್ಲಿ ನಾನೂ ನನ್ನ ಶ್ರೀಮತಿಯೂ ಮಗನ ಮನೆಗೆಂದು ಬೆಂಗಳೂರಿಗೆ ಹೊರಟಿದ್ದೆವು. ಹೊರಡುವ ಹಿಂದಿನ ಸಂಜೆ ಒಂದು ಬರಹವನ್ನು ಅಕ್ಕನಿಗಾಗಿ ಮುದ್ರಿಸಲು ಕುಳಿತೆ. ಅದು ಅಮ್ಮನ ಬಗ್ಗೆ ಬರೆದದ್ದು. ನಿಮಗಾರಿಗೂ ಅದನ್ನು ಈ ತನಕ ತೋರಿಸಿಲ್ಲ. ಅದರ ಮೂರನೆಯ ಪುಟದಲ್ಲಿ ಒಂದು ಕಡೆ ಅರ್ಧ ಸಾಲಿನಷ್ಟು ಜಾಗವನ್ನು ಖಾಲಿ ಬಿಟ್ಟಿದ್ದೆ.

ಆ ಖಾಲಿ ಜಾಗದ ವಿಷಯ ಹೇಳಬೇಕು. ನನಗಿಂತ ಮೊದಲು ನಮ್ಮ ಮನೆಯಲ್ಲಿ ಒಂದು ಗಂಡುಮಗು ಹುಟ್ಟಿ, ವರ್ಷ ತುಂಬುವ ಮೊದಲೇ ತೀರಿಕೊಂಡಿತ್ತು. ಇದನ್ನು ಯಾರೂ ನನಗೆ ಹೇಳಿದ್ದಲ್ಲ. ಅಮ್ಮ ತನ್ನ ಕೊನೆಯ ದಿನಗಳಲ್ಲಿ ಒಮ್ಮೆ, “ಅವನಿದ್ದಿದ್ದರೆ ನಿನಗೆ ಜೊತೆಯಾಗುತ್ತಿತ್ತು” ಎಂದಿದ್ದಳು. ಯಾರು ಎಂದು ಕೇಳುವ ಧೈರ್ಯ ಆಗ ಬರಲಿಲ್ಲ. ಅಪ್ಪನ ಹಳೆಯ ಲೆಕ್ಕದ ಪುಸ್ತಕದಲ್ಲಿ 1946ನೆಯ ಇಸವಿಯ ಒಂದು ಪುಟದಲ್ಲಿ ನಾಮಕರಣದ ಖರ್ಚು ಇದೆ. ಬೆಲ್ಲಕ್ಕೆ ಎಷ್ಟು, ಕಾಯಿಗೆ ಎಷ್ಟು, ಪುರೋಹಿತರ ದಕ್ಷಿಣೆ ಎಷ್ಟು, ಎಲ್ಲವೂ ರೂಪಾಯಿ ಆಣೆ ಪೈಗಳಲ್ಲಿ ಇದೆ. ಇಟ್ಟ ಹೆಸರು ಮಾತ್ರ ಇಲ್ಲ. ಹೆಸರು ಗೊತ್ತಿರುವುದು ಅಕ್ಕನಿಗೆ. ಆಗ ಅವಳಿಗೆ ಒಂಬತ್ತು ವರ್ಷ, ಆ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ತಿರುಗಿದವಳು ಅವಳೇ ಇರಬೇಕು.

ಅವಳಲ್ಲೇ ನೇರವಾಗಿ ಕೇಳಬಹುದಿತ್ತಲ್ಲ ಎನ್ನುವಿರಿ. ಎಪ್ಪತ್ತು ವರ್ಷ ಮನೆಯಲ್ಲಿ ಯಾರೂ ಆಡದ ಮಾತನ್ನು ಚಹಾ ಕುಡಿಯುತ್ತ ಕೇಳುವುದು ನನ್ನಿಂದಾಗಲಿಲ್ಲ. ಫೋನಿನಲ್ಲಿ ಕೇಳೋಣವೆಂದರೆ ಅವಳಿಗೆ ಕಿವಿ ಮಂದ, ಕಿರುಚಿ ಕೇಳುವ ಪ್ರಶ್ನೆಯೂ ಅದಲ್ಲ. ಖಾಲಿ ಜಾಗ ಬಿಟ್ಟರೆ ಪೆನ್ಸಿಲ್ ಹಿಡಿದು ಅವಳಾಗಿಯೇ ತುಂಬಿಸಿಯಾಳು ಎಂಬುದು ನನ್ನ ಉಪಾಯ. ನಮ್ಮಿಬ್ಬರ ನಡುವೆ ಆಡಲಾಗದ್ದು ಕಾಗದದ ಮೇಲೆ ಆಗುತ್ತಿತ್ತು.

ಎರಡು ಪುಟ ಮುದ್ರಣವಾಗಿ ಮೂರನೆಯದು ಅರ್ಧ ಹೊರಬಂದಾಗ ವಿದ್ಯುತ್ತು ಹೋಯಿತು. ರಾತ್ರಿ ಹತ್ತರ ತನಕ ಕಾದೆ, ಬರಲಿಲ್ಲ. ಇನ್ವರ್ಟರಿಗೆ ಪ್ರಿಂಟರನ್ನು ಜೋಡಿಸಿರಲಿಲ್ಲ. ನಾವಿಲ್ಲದಾಗ ಸಿಡಿಲಿಗೆ ಏನೂ ಆಗದಿರಲಿ ಎಂದು ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ಗನ್ನೂ ಕಿತ್ತಿಟ್ಟು, ಬೆಳಗಿನ ಬಸ್ಸಿಗೆ ಹೊರಟುಬಿಟ್ಟೆ. ನಮ್ಮ ಕಡೆಯವರು ಸಿಡಿಲಿಗೆ ಹೆದರುವುದರಲ್ಲಿ ಅರ್ಥವಿದೆ. ಆದರೆ ಆ ದಿನ ನಾನು ಮಾಡಿದ ತಪ್ಪು ಯಾವುದೆಂದು ತಿಳಿಯಲು ನಾಲ್ಕು ತಿಂಗಳು ಬೇಕಾಯಿತು.

ಮರಳಿ ಬಂದದ್ದು ಮೇ ತಿಂಗಳಲ್ಲಿ, 10ನೆಯ ತಾರೀಕಿನ ವಿಧಾನಸಭಾ ಚುನಾವಣೆಗೆ ಮತ ಹಾಕಲೆಂದು. ಮತ ಹಾಕಿ ಬಂದ ಮಧ್ಯಾಹ್ನವೇ ಪ್ರಿಂಟರ್ ಎದುರು ಕುಳಿತೆ. ಕಾಗದ ಬಿಳಿಯಾಗಿ ಹೋಯಿತು, ಬಿಳಿಯಾಗಿಯೇ ಹೊರಬಂತು. ಶುಚಿಗೊಳಿಸುವ ಆಜ್ಞೆಯನ್ನು ಮೂರು ಬಾರಿ ಕೊಟ್ಟೆ. ಕೆಳಗಡೆ ಬೂದಿಯ ಬಣ್ಣದ ಎರಡು ಗೆರೆ ಮೂಡಿತು, ಅಷ್ಟೆ. ಪಕ್ಕದಲ್ಲಿ ನಿಂತಿದ್ದ ಶ್ರೀಮತಿ ತನ್ನ ತೋರುಬೆರಳನ್ನು ನೋಡುತ್ತ, “ಬೆರಳಿನ ಶಾಯಿ ಹೋಗುವುದಿಲ್ಲ, ನಿಮ್ಮ ಯಂತ್ರದ ಶಾಯಿ ಬರುವುದಿಲ್ಲ” ಎಂದಳು.

ಬೆರಳಿನ ಆ ಶಾಯಿಯ ಜೊತೆ ನನ್ನ ಪರಿಚಯ ಹಳೆಯದು. ಅಧ್ಯಾಪಕನಾಗಿ ಎಷ್ಟೋ ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದ್ದೇನೆ. ಅದು ನಮ್ಮ ಮೈಸೂರಿನಲ್ಲೇ ತಯಾರಾಗುವುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ ಶಾಯಿ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿ ಬೆಳಕು ಕಂಡಾಗ ಕಪ್ಪಾಗುತ್ತದೆ, ತೊಳೆದರೆ ಹೋಗುವುದಿಲ್ಲ. ಸೀಸೆ ಮಗುಚಿ ಚೆಲ್ಲದಂತೆ ಅಗಲ ಬುಡದ ಪಾತ್ರೆಯಲ್ಲಿ ಮರಳು ಹಾಕಿ ಅದರೊಳಗೆ ಹೂತಿಡಬೇಕೆಂದು ಮತಗಟ್ಟೆಯ ಅಧಿಕಾರಿಗಳಿಗೆ ಕೊಡುವ ಕೈಪಿಡಿಯಲ್ಲೇ ಸೂಚನೆಯಿದೆ. ನಮ್ಮ ಮತಗಟ್ಟೆಯಲ್ಲೊಮ್ಮೆ ತಕ್ಕ ಡಬ್ಬಿ ಸಿಗದೆ ತೆಂಗಿನ ಗೆರಟೆಯಲ್ಲಿ ಮರಳು ತುಂಬಿ ನಿಲ್ಲಿಸಿದ್ದೆವು. ಸಂಜೆಯ ತನಕ ಅಲುಗಲಿಲ್ಲ. ಅಷ್ಟು ಜಾಗ್ರತೆಯಿಂದ ಸರಕಾರದ ಶಾಯಿಯನ್ನು ಕಾಯ್ದವನು ಸ್ವಂತ ಶಾಯಿಯನ್ನು ಗಾಳಿಗೆ ಬಿಟ್ಟು ಹೋಗಿದ್ದೆ.

ಕಾರ್ಕಳಕ್ಕೆ ಹೋಗಿ ಹೊಸ ಕಾರ್ಟ್ರಿಜ್ ತರಬಹುದಿತ್ತು. ಆದರೆ ಫೆಬ್ರವರಿಯಲ್ಲಷ್ಟೇ ಹಾಕಿದ್ದು, ಅರ್ಧಕ್ಕಿಂತ ಹೆಚ್ಚು ಶಾಯಿ ಒಳಗೆ ಉಳಿದಿದೆ, ಎಸೆಯುವುದು ಹೇಗೆ? ಸೀಮೆಸುಣ್ಣದ ತುಂಡನ್ನು ಉಗುರಿಗೆ ತಾಗುವ ತನಕ ಬಳಸಿದ ಕೈ ಇದು. ಕಾರ್ಕಳದಲ್ಲಿ ಕಂಪ್ಯೂಟರ್ ದುರಸ್ತಿಯ ಅಂಗಡಿಯಿಟ್ಟಿರುವ ನನ್ನ ವಿದ್ಯಾರ್ಥಿಯೊಬ್ಬನಿದ್ದಾನೆ. ಹೆಸರು ಬರೆಯುವುದಿಲ್ಲ, ಅವನ ತರಗತಿಯವರಿಗೆ ಗೊತ್ತಾದೀತು. ಅವನಿಗೆ ಫೋನು ಮಾಡಿದೆ. “ಆ ಕಡೆ ಬಂದಾಗ ನೋಡುತ್ತೇನೆ ಮಾಸ್ಟ್ರೇ” ಎಂದ. ಅವಸರವಿಲ್ಲ ಎಂದೆ. ಹಾಗೆಂದು ಹೇಳಿದವನು ನಾನೇ.

ಜೂನ್ ಅರ್ಧ ಕಳೆದರೂ ಮಳೆ ಸರಿಯಾಗಿ ಹಿಡಿಯಲಿಲ್ಲ. ಆ ತಿಂಗಳ ಮೂರನೆಯ ವಾರದಲ್ಲಿ ಒಂದು ಬೆಳಿಗ್ಗೆ ಅಕ್ಕ ಹಟ್ಟಿಯ ಬಾಗಿಲಲ್ಲಿ ಬಿದ್ದಳು. ಪಾರ್ಶ್ವವಾಯು. ಬಲಗೈ ಮತ್ತು ಮಾತು ಹೋಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು.

ನನ್ನ ವಿದ್ಯಾರ್ಥಿ ಬಂದದ್ದು ಜುಲೈಯಲ್ಲಿ, ಎಡೆಬಿಡದೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ. ಯಂತ್ರದ ಮುಚ್ಚಳ ತೆರೆದವನೇ, “ಬಂಡಿ ನಡುದಾರಿಯಲ್ಲೇ ನಿಂತಿತ್ತಾ ಮಾಸ್ಟ್ರೇ?” ಎಂದು ಕೇಳಿದ. ನಾನು ಬಾಯಿ ಬಿಟ್ಟು ಹೇಳುವ ಮೊದಲೇ ರೋಗ ಹಿಡಿದಿದ್ದ. ಅವನು ಹೇಳಿದುದನ್ನು ನಾನು ಅರ್ಥ ಮಾಡಿಕೊಂಡಂತೆ ಬರೆಯುತ್ತೇನೆ.

ನನ್ನಲ್ಲಿರುವ ಜಾತಿಯ ಪ್ರಿಂಟರಿನಲ್ಲಿ ಶಾಯಿಯ ಪೆಟ್ಟಿಗೆಯ ತಳದಲ್ಲೇ ಮುದ್ರಿಸುವ ತಲೆಯಿರುತ್ತದೆ. ಅದರಲ್ಲಿ ತಲೆಗೂದಲಿಗಿಂತ ಎಷ್ಟೋ ಸಣ್ಣದಾದ ನೂರಾರು ತೂತುಗಳು, ಒಂದೊಂದರ ಹಿಂದೆಯೂ ಕಣ್ಣಿಗೆ ಕಾಣದಷ್ಟು ಚಿಕ್ಕ ಕಾವಿನ ಬಿಲ್ಲೆ. ವಿದ್ಯುತ್ತು ತಾಗಿದ ಕ್ಷಣ ಶಾಯಿ ಕುದಿದು ಗುಳ್ಳೆಯೇಳುತ್ತದೆ, ಗುಳ್ಳೆ ಒಂದು ಹನಿಯನ್ನು ಹೊರಕ್ಕೆ ತಳ್ಳುತ್ತದೆ. 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಬಿಸಿ ಬೆಸುಗೆ ಕಡ್ಡಿ ಆಕಸ್ಮಿಕವಾಗಿ ತಾಗಿ, ಸೂಜಿಯ ತುದಿಯಿಂದ ಶಾಯಿ ಚಿಮ್ಮಿದುದನ್ನು ಕಂಡು ಈ ಉಪಾಯ ಹೊಳೆಯಿತಂತೆ. ಶಾಯಿಯಲ್ಲಿ ಬಹುಪಾಲು ನೀರೇ. ಬಣ್ಣದೊಂದಿಗೆ, ನೀರು ಬೇಗ ಆರದಂತೆ ಹಿಡಿದಿಡಲು ಗ್ಲೈಕಾಲ್ ಜಾತಿಯ ದ್ರವವೂ ಸ್ವಲ್ಪ ಇರುತ್ತದೆ. ಆದರೂ ತೂತಿನ ಬಾಯಿ ಗಾಳಿಗೆ ತೆರೆದಿದ್ದರೆ ನೀರು ಆರಿ, ಬಣ್ಣ ಅಲ್ಲೇ ಗಟ್ಟಿಯಾಗಿ ಬೆಣೆ ಹೊಡೆದಂತೆ ಕೂರುತ್ತದೆ. ಪೆಟ್ಟಿಗೆಯ ಒಳಗಡೆ ಶಾಯಿ ತುಂಬಿದ್ದರೂ ಬಾಯಿ ಕಟ್ಟಿರುತ್ತದೆ.

ಇದಕ್ಕೆ ಯಂತ್ರವೇ ಒಂದು ವ್ಯವಸ್ಥೆ ಮಾಡಿಕೊಂಡಿದೆ. ಕೆಲಸ ಮುಗಿದಾಗ ಬಂಡಿ ಒಂದು ಬದಿಗೆ ಸರಿದು, ಅಲ್ಲಿರುವ ರಬ್ಬರಿನ ಟೊಪ್ಪಿಯ ಮೇಲೆ ಕುಳಿತು ತೂತುಗಳನ್ನು ಮುಚ್ಚಿಕೊಳ್ಳುತ್ತದೆ. ಪ್ರಿಂಟರಿನದೇ ಗುಂಡಿ ಒತ್ತಿ ಆರಿಸಿದರೆ ಮಾತ್ರ ಅದು ಹೀಗೆ ಮನೆ ಸೇರುತ್ತದೆ. ಗೋಡೆಯ ಸ್ವಿಚ್ಚನ್ನು ಆರಿಸಿದರೆ, ಅಥವಾ ನಡುವೆ ವಿದ್ಯುತ್ತು ಹೋದರೆ, ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ. ವಿದ್ಯುತ್ತು ಮರಳಿದಾಗ ಒಮ್ಮೆ ಚಾಲೂ ಮಾಡಿ, ಬಂಡಿ ಬದಿಗೆ ಸರಿದ ಮೇಲೆ ಗುಂಡಿಯಿಂದಲೇ ಆರಿಸಿ, ಬಳಿಕ ಪ್ಲಗ್ಗು ಕೀಳಬೇಕಾಗಿತ್ತು. ನಾನು ಎರಡು ತಿಂಗಳು ಅದನ್ನು ಬಾಯಿ ತೆರೆದ ಸ್ಥಿತಿಯಲ್ಲಿ, ಅದೂ ಮಾರ್ಚ್ ಏಪ್ರಿಲಿನ ಸೆಕೆಯಲ್ಲಿ, ಬಿಟ್ಟಿದ್ದೆ.

“ರಜೆಗೆ ಮೊದಲು ಪೆನ್ನು ಖಾಲಿ ಮಾಡಿ ತೊಳೆದಿಡಿ ಎಂದು ನಮಗೆ ಹೇಳುತ್ತಿದ್ದವರು ನೀವೇ ಅಲ್ಲವಾ ಮಾಸ್ಟ್ರೇ?” ಎಂದು ಅವನು ಕೇಳಿದ. ಹೌದು. ಏಪ್ರಿಲಿನಲ್ಲಿ ಶಾಯಿ ಪೆನ್ನನ್ನು ಚೀಲದಲ್ಲಿ ಹಾಗೆಯೇ ಎಸೆದು ಹೋದ ಮಕ್ಕಳು ಜೂನಿನಲ್ಲಿ ಶಾಲೆ ಆರಂಭವಾದ ದಿನ ಅದನ್ನು ಕೊಡವಿ ಕೊಡವಿ ಗೋಡೆಗೂ ಮುಂದಿನ ಬೆಂಚಿನವರ ಅಂಗಿಗೂ ಚುಕ್ಕೆ ಹಾಕುತ್ತಿದ್ದರು. ಆ ದಿನ ಬಿಸಿನೀರಿನ ಒಂದು ಪಾತ್ರೆಯನ್ನು ಮೇಜಿನ ಮೇಲಿಟ್ಟು ಒಂದೊಂದೇ ನಿಬ್ಬನ್ನು ಅದ್ದಿ ತೆಗೆಸುವುದು ನನ್ನ ಮೊದಲ ಪಾಠವಾಗಿತ್ತು. ಹಿಂದೆ ಕಚೇರಿಯಲ್ಲಿದ್ದ ಸೈಕ್ಲೋಸ್ಟೈಲ್ ಯಂತ್ರಕ್ಕೆ ಮಾತ್ರ ಈ ಕಾಯಿಲೆ ಇರಲಿಲ್ಲ. ಅದರದು ಎಣ್ಣೆಯ ಶಾಯಿ. ತಿಂಗಳುಗಟ್ಟಲೆ ಮುಟ್ಟದಿದ್ದರೂ ಒಣಗುತ್ತಿರಲಿಲ್ಲ, ಸೀಮೆಎಣ್ಣೆಯಿಲ್ಲದೆ ಕೈಯಿಂದ ಹೋಗುತ್ತಲೂ ಇರಲಿಲ್ಲ.

ಅವನು ಅಂದು ಮಾಡಿದ್ದು ನನ್ನ ಹಳೆಯ ಪಾಠವನ್ನೇ. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ, ಜುಂಗು ಬಿಡದ ಹತ್ತಿ ಬಟ್ಟೆಯನ್ನು ಮಡಚಿಟ್ಟು, ಕಾರ್ಟ್ರಿಜ್ಜಿನ ತಳವನ್ನು ಅದರ ಮೇಲೆ ಎರಡು ನಿಮಿಷ ಊರಿಸಿದ. ಎತ್ತಿದಾಗ ಬಟ್ಟೆಯ ಮೇಲೆ ಕಪ್ಪು ಪಟ್ಟಿ ಮೂಡಿತ್ತು. ಮೂರನೆಯ ಸಲಕ್ಕೆ ಅದು ಅಂಚು ಕಡಿಯದ ಗೆರೆಯಾಯಿತು. ತಾಮ್ರದ ಚುಕ್ಕೆಗಳಿರುವ ಬದಿಯನ್ನು ಬೆರಳಿನಿಂದ ಮುಟ್ಟಬಾರದೆಂದು ಎರಡೆರಡು ಬಾರಿ ಹೇಳಿದ. ಶುಚಿಗೊಳಿಸುವ ಆಜ್ಞೆಯನ್ನು ಮತ್ತೆ ಮತ್ತೆ ಕೊಡುವುದರಿಂದ ಇದ್ದ ಶಾಯಿಯೂ ವ್ಯರ್ಥ. ಶಾಯಿಯೇ ಬಾರದ ತೂತಿನ ಹಿಂದೆ ಬಿಲ್ಲೆ ಕಾಯುತ್ತಲೇ ಇದ್ದರೆ ಸುಟ್ಟುಹೋಗುವುದೂ ಉಂಟು. ನನ್ನದು ಪುಣ್ಯಕ್ಕೆ ಉಳಿದುಕೊಂಡಿತು. ಇಡೀ ಕೆಲಸಕ್ಕೆ ಹಿಡಿದದ್ದು ಹದಿನೈದು ನಿಮಿಷ.

ಇನ್ನು ಕೇಳಿದವಳಿಗೆ ಉತ್ತರ. ಮಗಳೇ, ಸಾಧ್ಯವಾದರೆ ಕಾರ್ಟ್ರಿಜ್ಜನ್ನು ಹೊರಗೆ ತೆಗೆಯಲೇ ಬೇಡ. ಯಂತ್ರದೊಳಗಿನ ಟೊಪ್ಪಿಗಿಂತ ಒಳ್ಳೆಯ ಮುಚ್ಚಳ ನಮ್ಮಲ್ಲಿಲ್ಲ. ಮುದ್ರಿಸುವ ತಲೆ ಯಂತ್ರದಲ್ಲೇ ಇದ್ದು ಶಾಯಿಯ ಪೆಟ್ಟಿಗೆ ಮಾತ್ರ ಬೇರೆಯಾಗಿರುವ ಪ್ರಿಂಟರುಗಳೂ ಇವೆ, ಅವುಗಳಲ್ಲಿ ತೆಗೆದರೆ ಕೇಡೇ ಹೆಚ್ಚು. ನನ್ನಲ್ಲಿರುವಂಥದಾಗಿದ್ದು ತೆಗೆಯಲೇಬೇಕಾಗಿ ಬಂದರೆ, ಅದರೊಂದಿಗೆ ಬಂದ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯದೆ ಇಟ್ಟಿದ್ದರೆ ಅದನ್ನೇ ಹಾಕು. ಅಂಟುವ ಟೇಪು ಹಚ್ಚಬೇಡ. ಅಂಟು ತೂತಿಗೆ ಸೇರುತ್ತದೆ, ಬಣ್ಣದ ಪೆಟ್ಟಿಗೆಯಾದರೆ ಮೂರು ಬಣ್ಣವೂ ಒಂದಕ್ಕೊಂದು ಹರಿಯುತ್ತದೆ. ಬಿಗಿಯಾದ ಮುಚ್ಚಳದ ಒಂದು ಡಬ್ಬಿ ತೆಗೆದುಕೋ. ಹತ್ತಿಯ ಉಂಡೆಯೊಂದನ್ನು ಒದ್ದೆ ಮಾಡಿ ಹಿಂಡಿ, ಚಿಕ್ಕ ಮುಚ್ಚಳದಲ್ಲಿಟ್ಟು ಡಬ್ಬಿಯ ಮೂಲೆಯಲ್ಲಿರಿಸು. ನಾನು ಬಳಸುವುದು ಇನ್ವರ್ಟರ್ ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು. ಹತ್ತಿ ಕಾರ್ಟ್ರಿಜ್ಜಿಗೆ ತಾಗಬಾರದು, ತೂತಿನ ಬದಿಯೂ ಯಾವುದಕ್ಕೂ ತಾಗಬಾರದು. ಹತ್ತಿ ಶಾಯಿಯನ್ನೇ ಹೀರಿಬಿಡುತ್ತದೆ. ಡಬ್ಬಿಯನ್ನು ಬಿಸಿಲು ಬೀಳದ ತಂಪು ಮೂಲೆಯಲ್ಲಿಡು. ತಂಪು ಎಂದೆನೆಂದು ಫ್ರಿಜ್ಜಿನಲ್ಲಿಡಬೇಡ. ಹದಿನೈದು ದಿನಕ್ಕೊಮ್ಮೆ ಹತ್ತಿ ಬದಲಿಸು, ಇಲ್ಲವಾದರೆ ಬೂಸಲು ಹಿಡಿಯುತ್ತದೆ. ಹೀಗಿಟ್ಟ ನನ್ನ ಕಾರ್ಟ್ರಿಜ್ ಒಮ್ಮೆ ಐದು ವಾರ ಉಳಿದಿದೆ.

ನಮ್ಮೂರಿನ ಮಳೆಗಾಲದಲ್ಲಿ ಇನ್ನೊಂದು ಪೇಚು. ಶಾಯಿಗೆ ತೇವ ಬೇಕು, ಕಾಗದಕ್ಕೆ ತೇವ ಆಗದು. ಜುಲೈಯಲ್ಲಿ ಹೊರಗಿಟ್ಟ ಕಾಗದ ಹಪ್ಪಳದಂತೆ ಮೆತ್ತಗಾಗಿ ಎರಡೆರಡು ಹಾಳೆ ಒಟ್ಟಿಗೆ ಒಳಗೆ ಹೋಗುತ್ತದೆ, ಅಕ್ಷರಗಳ ಅಂಚು ಹರಡುತ್ತದೆ. ಹಾಗಾಗಿ ನಮ್ಮ ಕಪಾಟಿನ ಒಂದು ಅಡ್ಡೆಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟ ಒಣ ಕಾಗದ, ಇನ್ನೊಂದರಲ್ಲಿ ಒದ್ದೆ ಹತ್ತಿಯ ಡಬ್ಬಿ. ಉಪ್ಪಿನಕಾಯಿಯ ಭರಣಿಗೆ ನೀರಿನ ಹನಿ ಸೋಕದಂತೆ ಐವತ್ತು ವರ್ಷ ಕಾಯ್ದ ನನ್ನ ಶ್ರೀಮತಿಗೆ ಈ ಡಬ್ಬಿಯನ್ನು ಕಂಡರೆ ಇಂದಿಗೂ ಸಮಾಧಾನವಿಲ್ಲ.

ಅಂದು ಸಂಜೆಯೇ ಅಮ್ಮನ ಬರಹದ ಹದಿನಾಲ್ಕೂ ಪುಟಗಳು ಹೊರಬಂದವು. ಮರುದಿನ ಮಾಳಕ್ಕೆ ಹೋದೆ. ಅಕ್ಕನಿಗೆ ಗುರುತು ಇತ್ತು, ಓದು ಇತ್ತು. ಸೋದರಳಿಯ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ. ನಾನು ಒಂದೊಂದೇ ಪುಟವನ್ನು ಎದುರು ಹಿಡಿದೆ. ಕಣ್ಣು ಸಾಲಿನಿಂದ ಸಾಲಿಗೆ ಸರಿಯುವುದು ಕಾಣುತ್ತಿತ್ತು. ಮೂರನೆಯ ಪುಟದಲ್ಲಿ ಖಾಲಿ ಜಾಗಕ್ಕೆ ಬಂದಾಗ ನಿಂತಳು. ಎಡಗೈಯ ಬೆರಳನ್ನು ಅಲ್ಲಿಟ್ಟಳು. ಬಾಯಿ ತೆರೆದು ಏನೋ ಹೇಳಿದಳು. ಎರಡು ಅಕ್ಷರದ್ದೋ ಮೂರು ಅಕ್ಷರದ್ದೋ ಒಂದು ಶಬ್ದ. ನನಗೆ ತಿಳಿಯಲಿಲ್ಲ. ಮತ್ತೆ ಹೇಳಿದಳು. ಎಡಗೈಗೆ ಪೆನ್ಸಿಲ್ ಕೊಟ್ಟು ನೋಡಿದೆವು. ಒಂದು ಗೆರೆ ಎಳೆದಳು, ಅದು ಯಾವ ಅಕ್ಷರವೂ ಆಗಲಿಲ್ಲ. ಅವಳು ಅತ್ತದ್ದನ್ನು ಅಪ್ಪ ತೀರಿಕೊಂಡ ಮೇಲೆ ನಾನು ಕಂಡದ್ದು ಅಂದೇ.

ಕಾರ್ಟ್ರಿಜ್ಜನ್ನು ದೂರುವುದು ಸುಲಭ. ಆ ಮೂರನೆಯ ಪುಟವನ್ನು ಕೈಯಿಂದ ಬರೆದು ಒಯ್ಯಬಹುದಾಗಿತ್ತು. ಕೈ ನಡುಗುತ್ತದೆ, ಅಕ್ಷರ ಕೆಟ್ಟದಾಗುತ್ತದೆ, ಅಕ್ಕನಿಗೆ ಓದಲು ಕಷ್ಟವಾದೀತು ಎಂದೆಲ್ಲ ಆಗ ನನಗೆ ನಾನೇ ಹೇಳಿಕೊಂಡೆ. ಮೇ ತಿಂಗಳಲ್ಲೂ ಜೂನ್ ಅರ್ಧ ಕಳೆಯುವ ತನಕವೂ ಅವಳ ಕೈಯೂ ಮಾತೂ ಸರಿಯಿದ್ದವು.

ಶಾಯಿ ಒಣಗದಿರಲು ವಾರಕ್ಕೊಂದು ಪುಟವನ್ನಾದರೂ ಮುದ್ರಿಸಬೇಕೆಂದು ನನ್ನ ವಿದ್ಯಾರ್ಥಿ ಹೇಳಿ ಹೋಗಿದ್ದ. ಅಂದಿನಿಂದ ಪ್ರತಿ ಶನಿವಾರ ಒಂದು ಪುಟ ಮುದ್ರಿಸುತ್ತೇನೆ, ಭಾನುವಾರ ಅದು ಮಾಳಕ್ಕೆ ಹೋಗುತ್ತದೆ. ಮಳೆ ಬಂತು, ಅಡಿಕೆಗೆ ಕೊಳೆರೋಗದ ಮದ್ದು ಬಿಟ್ಟಾಯಿತು, ಇಂಥವರ ಮನೆಯಲ್ಲಿ ಮದುವೆ, ಇಂಥದೇ ಸುದ್ದಿಗಳು. ಅಕ್ಕ ಈಗ ಎಡಗೈಯಲ್ಲಿ ಕಾಗದವನ್ನು ತಾನೇ ಹಿಡಿದುಕೊಳ್ಳುತ್ತಾಳೆ. ಕೆಲವು ಮಾತುಗಳು ಮರಳಿವೆ. ‘ನೀರು’, ‘ಸಾಕು’, ‘ಬಂದೆಯಾ’ ಎನ್ನುತ್ತಾಳೆ. ಮೂರನೆಯ ಪುಟವನ್ನು ನಾನು ಮತ್ತೆ ಒಯ್ದಿಲ್ಲ.

ಇದನ್ನು ಓದುವ ನಮ್ಮ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಗಳಲ್ಲಿ ಎಂಬತ್ತೈದು ದಾಟಿದ ಹಿರಿಯರಿದ್ದರೆ, ಅಥವಾ ಹಳೆಯ ಜಾತಕದ ಕಟ್ಟು, ಕಾಗದಪತ್ರ ಅಟ್ಟದ ಮೇಲೆ ಉಳಿದಿದ್ದರೆ, 1946ರಲ್ಲಿ ನಮ್ಮ ಮನೆಯಲ್ಲಿ ನಾಮಕರಣವಾದ ಗಂಡುಮಗುವಿನ ಹೆಸರು ಎಲ್ಲಿಯಾದರೂ ಇದೆಯೇ ಎಂದು ದಯವಿಟ್ಟು ನೋಡಿ. ಸಿಕ್ಕಿದರೆ ನನಗೆ ತಿಳಿಸಿ. ಶನಿವಾರದೊಳಗೆ ತಿಳಿದರೆ ಭಾನುವಾರದ ಪುಟದಲ್ಲಿ ಹಾಕಿ ಒಯ್ಯುತ್ತೇನೆ.